ಅರವತ್ತಾರು ಚೆಂಡು, ಒಂದು ಚೀಟಿ

ನನಗೆ ಕನ್ನಡ ಓದಲು ಬರುತ್ತದೆ. ಏಳನೇ ತರಗತಿಗೆ ಶಾಲೆ ಬಿಟ್ಟವಳಿಗೆ ಎಷ್ಟು ಬರಬೇಕೋ ಅದಕ್ಕಿಂತ ಒಂದು ಹಿಡಿ ಹೆಚ್ಚೇ ಬರುತ್ತದೆ. ಪೇಪರು ಓದುತ್ತೇನೆ, ಮಾತ್ರೆಯ ಡಬ್ಬಿ ಮೇಲಿನ ಸಣ್ಣಕ್ಷರ ಓದುತ್ತೇನೆ, ಗುರುತಿಲ್ಲದವರ ಮದುವೆ ಕಾಗದ ಕೈಗೆ ಸಿಕ್ಕರೂ ಕೊನೆಯ ಸಾಲಿನವರೆಗೆ ಬಿಡುವುದಿಲ್ಲ. ಇಷ್ಟು ಸಣ್ಣ ವಿಷಯವನ್ನು ನನ್ನ ತಂಗಿಗೆ ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಹೇಳಿದರೆ ಅವಳು ನನ್ನನ್ನು ಇನ್ನು ನಂಬುತ್ತಾಳೋ ಇಲ್ಲವೋ ಎಂಬ ಭಯದಲ್ಲೇ ಆ ಎರಡು ವರ್ಷ ಕಳೆದೆ.

ನಾನು ಚನ್ನಪಟ್ಟಣದ ಒಂದು ಸಣ್ಣ ಬೊಂಬೆ ಕಾರ್ಖಾನೆಯಲ್ಲಿ ಲೇತಿನ ಮುಂದೆ ಕೂರುವವಳು. ಬೊಂಬೆಗೆಂದೇ ಬಳಸುವ ಮೆತ್ತನೆಯ ಆಲೆಮರದ ತುಂಡನ್ನು ತಿರುಗಿಸಿ, ಉಳಿ ಹಿಡಿದು ಗುಂಡಗೆ ಮಾಡಿ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿ ಹಿಡಿದರೆ ಹೊಳಪು. ಶಾಲೆ ಬಿಟ್ಟದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಗಣಿತದ ಮೇಷ್ಟರ ದನಿಗಿಂತ ಲೇತಿನ ಸದ್ದು ನನಗೆ ಹಿತವಾಗಿತ್ತು, ಅಷ್ಟೆ.

ತಂಗಿ ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಅಪ್ಪ ಅವ್ವ ಇಲ್ಲದ ಮನೆಯಲ್ಲಿ ನಾವಿಬ್ಬರೇ. ಅವಳನ್ನು ಕನಕಪುರದ ಹಾಸ್ಟೆಲಿಗೆ ಸೇರಿಸಿದಾಗ ಅವಳಿಗೆ ಹನ್ನೆರಡು. ಅಲ್ಲಿಂದ ಓದುತ್ತಾ ಓದುತ್ತಾ ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಸೇರಿ, ಭಾನುವಾರಕ್ಕೊಮ್ಮೆ ರೈಲಿನಲ್ಲಿ ಬರುವವಳಾದಳು. ಬಂದಾಗಲೆಲ್ಲ ಅವಳ ಉಗುರಿನ ಸಂದಿಯಲ್ಲಿ ಮಸಿ ಇರುತ್ತಿತ್ತು.

ಅವಳ ಕೆಲಸ ಏನೆಂದು ನನಗೆ ಗೊತ್ತಾದದ್ದು ಮಾಗಡಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಒಂದು ಭಾನುವಾರ.

"ನೋಡಕ್ಕ, ಒಂದು ಕಡೆಯಿಂದ ಹೈಡ್ರೋಜನ್, ಇನ್ನೊಂದು ಕಡೆಯಿಂದ ಗಾಳಿ. ಎರಡೂ ಸೇರಿ ನೀರಾಯ್ತವೆ, ಮಧ್ಯದಲ್ಲಿ ಕರೆಂಟ್ ಸಿಗ್ತದೆ. ಅದಕ್ಕೆ ಫ್ಯೂಯೆಲ್ ಸೆಲ್ ಅಂತಾರೆ. ಬಸ್ಸು ಓಡಿಸ್ಬೋದು, ಕಾರು ಓಡಿಸ್ಬೋದು. ಹೊಗೆ ಇಲ್ಲ, ಮಸಿ ಇಲ್ಲ."

"ಮಸಿ ಇಲ್ದಿದ್ರೆ ನಿನ್ನ ಉಗುರು ಯಾಕೆ ಹಿಂಗೈತೆ?"

"ಅದು ನನ್ನ ಪುಡಿ ಕಣಕ್ಕ. ಗಾಳಿ ಬರೋ ಕಡೆ ಕೆಲಸ ಬಲು ನಿಧಾನ. ಅದನ್ನ ಚುರುಕು ಮಾಡೋದು ಈ ಪುಡಿ. ಅದರೊಳಗೆ ಪ್ಲಾಟಿನಂ ಐತೆ. ಪ್ಲಾಟಿನಂ ದುಬಾರಿ, ಅದಕ್ಕೇ ಜೊತೆಗೆ ಕೋಬಾಲ್ಟ್ ಹಾಕ್ತೀವಿ. ಆದ್ರೆ ಸೆಲ್ ಒಳಗೆ ಆಸಿಡ್ ಇರ್ತದೆ. ಅದು ಕೋಬಾಲ್ಟನ್ನ ಒಂದೊಂದಾಗಿ ತಿಂದ್ಬುಡ್ತದೆ."

ಅವಳು ಮೊರದ ಮೇಲೆ ಅವರೆಕಾಳು, ಕಡಲೆಬೀಜ ಎರಡನ್ನೂ ಕಲಸಿ ಹರಡಿದಳು. "ಹಿಂಗೆ ಬೆರಕೆಯಾಗಿ ಇದ್ರೆ ತಿನ್ನೋದು ಸುಲಭ." ಆಮೇಲೆ ಅವನ್ನೇ ಒಂದು ಸಾಲು ಅವರೆ, ಒಂದು ಸಾಲು ಕಡಲೆ ಎಂದು ಜೋಡಿಸಿದಳು. "ಹಿಂಗೆ ಸಾಲಾಗಿ ನಿಂತ್ರೆ ಒಬ್ರನ್ನೊಬ್ರು ಗಟ್ಟಿಯಾಗಿ ಹಿಡ್ಕೋತಾರೆ. ಸುಲಭಕ್ಕೆ ಬುಡಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಾಳೊಳಗೆ ಇವರನ್ನ ಸಾಲಾಗಿ ನಿಲ್ಸೋದೇ ನನ್ನ ಕೆಲಸ."

"ಅಷ್ಟು ಸಣ್ಣದನ್ನ ಯಾವ ಕೈಲಿ ನಿಲ್ಸ್ತೀಯ?"

"ಕೈ ಇಲ್ಲ. ಕುಲುಮೆಯೊಳಗೆ ಬಿಸಿ ಕೊಟ್ಟು ಕಾಯೋದು. ಅವೇ ತಮ್ಮ ತಮ್ಮ ಜಾಗ ಹುಡುಕ್ಕೋತವೆ."

ನನಗೆ ನಗು ಬಂತು. ಐದು ವರ್ಷ ಕಾಲೇಜು ಓದಿ, ಮೇಲೆ ನಾಲ್ಕು ವರ್ಷ ಪ್ರಯೋಗಾಲಯದಲ್ಲಿ ಕೂತು, ಕೊನೆಗೆ ಇವಳು ಮಾಡುವುದು ಸಾಲು ಜೋಡಿಸುವ ಕೆಲಸ. ಅಂದು ಬಾಯಿಬಿಟ್ಟು ಹಾಗೆ ಹೇಳಲಿಲ್ಲ. ಮನಸ್ಸಿನಲ್ಲಿ ಮಾತ್ರ, ಅದಕ್ಕಿಂತ ಕಷ್ಟದ್ದನ್ನು ನಾನು ದಿನಾ ಮಾಡುತ್ತೇನೆ ಎಂದುಕೊಂಡೆ. ಅಲ್ಲೇ ನನ್ನ ತಪ್ಪಿನ ಬೇರು.

ಏಕೆಂದರೆ ನಮ್ಮಲ್ಲಿ ಬೆರಕೆಗೆ ಬೆಲೆ. ಬಾಗಿಲಿಗೆ ಹಾಕುವ ಮಣಿ ಪರದೆ, ಮಕ್ಕಳ ಸರ, ಮೇಜಿನ ಮೇಲಿನ ಮಣಿಹಾಸು, ಯಾವುದನ್ನು ಪೋಣಿಸಿದರೂ ನಮ್ಮ ಉಸ್ತಾದರದು ಒಂದೇ ಮಾತು. ಕಾರ್ಖಾನೆಗೆ ಹಿರಿಯರಾದ ಸಾಬರು ಅವರು, ನನಗೆ ಉಳಿ ಹಿಡಿಯಲು ಕಲಿಸಿದವರು. "ನೋಡೋರ ಕಣ್ಣಿಗೆ ಲೆಕ್ಕ ಸಿಗಬಾರ್ದಮ್ಮ. ಲೆಕ್ಕ ಸಿಕ್ತು ಅಂದ್ರೆ ಮಿಷಿನ್ ಮಾಲು ಅಂತಾರೆ." ಮೂರು ಹಳದಿ ಬಂದರೆ ಮುಂದೆ ಒಂದೇ ಹಳದಿ ಬರಬೇಕು, ಆಮೇಲೆ ಎರಡು ಬರಬಹುದು, ಹಾಗೆ ಬಂದದ್ದು ಬೇಕೆಂದೇ ಬಂದಂತೆ ಕಾಣಬಾರದು. ಇದು ಕೇಳಿದಷ್ಟು ಸುಲಭವಲ್ಲ. ಕೈ ತಾನಾಗಿಯೇ ಸಾಲಿಗೆ ಬೀಳಲು ನೋಡುತ್ತದೆ. ಲೆಕ್ಕ ತಪ್ಪಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ.

ಹೀಗಿರುವಾಗ ತಂಗಿ ಒಂದು ಕೆಲಸ ಕೊಟ್ಟಳು. ವಾಹನ ತಯಾರಿಸುವ ಒಂದು ಕಂಪನಿಯವರು ಅವಳ ಪ್ರಯೋಗಾಲಯಕ್ಕೆ ಬರುವವರಿದ್ದರು. ಅವರಿಗೆ ಅವಳ ಕೆಲಸ ಅರ್ಥವಾದರೆ ಪುಡಿಯನ್ನು ನಿಜವಾದ ಫ್ಯೂಯೆಲ್ ಸೆಲ್ಲಿನಲ್ಲಿ ಹಾಕಿ ನೋಡುತ್ತಾರೆ, ಇಲ್ಲವಾದರೆ ಅದು ಸೀಸೆಯಲ್ಲೇ ಉಳಿಯುತ್ತದೆ. ತೋರಿಸಲು ಮರದ ಚೆಂಡುಗಳ ಒಂದು ಮಾದರಿ ಬೇಕು. ಹಣ್ಣಿನ ಅಂಗಡಿಯಲ್ಲಿ ಕಿತ್ತಳೆ ಪೇರಿಸಿದಂತೆ ಐದು ಪದರ. ಪ್ಲಾಟಿನಂಗೆ ಹಳದಿ, ಕೋಬಾಲ್ಟಿಗೆ ನೀಲಿ. ಹಳದಿ ನಲವತ್ತೆಂಟು, ನೀಲಿ ಹದಿನೆಂಟು. ಚೆಂಡಿನ ಅಳತೆ ಫೋನಿನಲ್ಲಿ ಹೇಳಿದಳು. ಪೇರಿಸುವ ಬಗೆಯನ್ನು ಚಿತ್ರ ಬರೆದು, ಕೆಳಗೆ ನಾಲ್ಕು ಸಾಲು ಕೈಯಲ್ಲೇ ಬರೆದು, ಊರಿಗೆ ಬರುತ್ತಿದ್ದ ಪರಿಚಯದವರ ಕೈಲಿ ಕಳಿಸಿದಳು.

ಆ ಚೀಟಿ ಈಗಲೂ ನನ್ನ ಬಳಿ ಇದೆ. "ಅಕ್ಕ, ಕೆಳಗಿಂದ ಹಳದಿ ಹದಿನಾರು, ಅದರ ಮೇಲೆ ನೀಲಿ ಒಂಬತ್ತು, ಮತ್ತೆ ಹಳದಿ, ಮತ್ತೆ ನೀಲಿ, ಮತ್ತೆ ಹಳದಿ. ಒಂದು ಚೆಂಡೂ ತನ್ನ ಸಾಲು ಬಿಟ್ಟು ಆಚೆ ಹೋಗಬಾರದು. ನನ್ನ ಇಡೀ ಕೆಲಸ ಇಷ್ಟೇ."

ಅದನ್ನು ಎರಡು ಸಲ ಓದಿದೆ. ಒಂದಕ್ಷರವೂ ತೊಡಕಾಗಲಿಲ್ಲ.

ಚೆಂಡುಗಳು ಚೆನ್ನಾಗಿ ಬಂದವು. ಮೊದಲ ಎರಡು ಪದರವನ್ನು ಚೀಟಿಯಲ್ಲಿದ್ದಂತೆಯೇ ಇಟ್ಟು ನೋಡಿದೆ. ಸಪ್ಪೆಯಾಗಿ ಕಂಡಿತು. ಅಂಗಡಿಯಲ್ಲಿ ಪೊಟ್ಟಣ ಒಡೆಯದೆ ಇಟ್ಟ ಸರಕಿನಂತೆ. ದೊಡ್ಡ ಜನ ಬರುತ್ತಾರೆ, ಅಕ್ಕ ಮಾಡಿದ್ದು ಎನ್ನುತ್ತಾಳೆ, ಮಿಷಿನ್ ಮಾಲಿನ ಹಾಗೆ ಕಂಡರೆ ನನ್ನ ಇಪ್ಪತ್ತೈದು ವರ್ಷದ ಕೈಗೆ ಏನು ಗೌರವ? ಲೋಹದ ವಿಚಾರ ಅವಳಿಗೆ ಗೊತ್ತು, ಚೆಂದದ ವಿಚಾರ ಅವಳಿಗೇನು ಗೊತ್ತು ಎಂದುಕೊಂಡೆ. ಚೀಟಿಯನ್ನು ಮಡಚಿ ಅರಗಿನ ಡಬ್ಬಿಯ ಕೆಳಗಿಟ್ಟೆ. ಅರವತ್ತಾರು ಚೆಂಡನ್ನೂ ನನ್ನ ಕೈಗೆ ಗೊತ್ತಿದ್ದ ಬೆರಕೆಯಲ್ಲಿ ಪೇರಿಸಿ, ಒಂದೊಂದರ ನಡುವೆ ಒಂದೊಂದು ಹನಿ ಅರಗು ಕರಗಿಸಿ ಅಂಟಿಸಿದೆ. ಯಾವ ಕಡೆಯಿಂದ ನೋಡಿದರೂ ಲೆಕ್ಕ ಸಿಗಲಿಲ್ಲ. ಉಸ್ತಾದರು ತಿರುಗಿಸಿ ತಿರುಗಿಸಿ ನೋಡಿ, "ವಾಹ್" ಎಂದರು. ಆ ಒಂದು ಮಾತಿಗೆ ನಾನು ಮನೆಯವರೆಗೂ ನೆಲ ಮುಟ್ಟದೆ ನಡೆದೆ.

ಅತಿಥಿಗಳು ಬರುವ ದಿನ ಬೆಳಗಿನ ರೈಲಿಗೆ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟೆ. ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬಂದ ಒಬ್ಬರು ಪಕ್ಕದಲ್ಲಿ ಕೂತು, "ಏನಮ್ಮ, ಕೋಳಿನಾ?" ಎಂದರು. "ಪ್ಲಾಟಿನಂ" ಎಂದೆ. ಅವರು ಬಿಡದಿಯಲ್ಲಿ ಇಳಿಯುವವರೆಗೂ ನನ್ನ ಕಡೆ ನೋಡಲಿಲ್ಲ.

ಪ್ರಯೋಗಾಲಯದಲ್ಲಿ ತಂಗಿ ಬುಟ್ಟಿಯ ಬಟ್ಟೆ ತೆಗೆದಳು. ಮಾದರಿಯನ್ನು ಮೇಜಿನ ಮೇಲಿಟ್ಟು, ಒಂದು ಸುತ್ತು ತಿರುಗಿಸಿ, ಸ್ಟೂಲಿನ ಮೇಲೆ ಕೂತಳು. ಅವಳ ಮುಖ ನೋಡಿದೊಡನೆ ಅವತ್ತಿನ ಮೊರ ನೆನಪಾಯಿತು. ಕಲಸಿ ಹರಡಿದ ಅವರೆ, ಕಡಲೆ. ಆಸಿಡ್ ಸುಲಭವಾಗಿ ತಿನ್ನುವ ಬೆರಕೆ. ನಾನು ಇಪ್ಪತ್ತೈದು ವರ್ಷದ ಕಸುಬೆಲ್ಲ ಸುರಿದು ಮಾಡಿ ತಂದದ್ದು ಅದನ್ನೇ.

"ಚೀಟಿ ಓದ್ಲಿಲ್ವಾ ಅಕ್ಕ?" ದನಿ ಏರಿಸದೆ ಕೇಳಿದಳು.

ಓದಿದೆ, ಸಪ್ಪೆ ಕಂಡಿತು, ಬದಲಾಯಿಸಿದೆ ಎಂದು ಹೇಳಬೇಕಿತ್ತು. ಬಾಯಿಗೆ ಬಂದದ್ದೇ ಬೇರೆ. "ನಂಗೆ ಓದಕ್ಕೆ ಎಲ್ಲಿ ಬತ್ತದೆ? ಸ್ಕೂಲ್ ಬುಟ್ಟಿದ್ದೇ ಎಲ್ಲಾ ಮರ್ತೋಯ್ತು. ಅದ್ರಲ್ಲೂ ಕೈಬರಹ."

ಅವಳು ನಂಬಿದಳು. ಹನ್ನೆರಡನೇ ವಯಸ್ಸಿಗೇ ಹಾಸ್ಟೆಲಿಗೆ ಹೋದವಳು, ನಾನು ಮನೆಯಲ್ಲಿ ಏನು ಓದುತ್ತೇನೆಂದು ಕಂಡವಳಲ್ಲ; ಭಾನುವಾರ ಬಂದರೂ ಅಡುಗೆ, ಮಾತಿನಲ್ಲೇ ಹೊತ್ತು ಹೋಗುತ್ತಿತ್ತು. ಕೋಪ ಬಂದಿದ್ದ ಮುಖದಲ್ಲಿ ಕೋಪ ಹೋಗಿ ಮರುಕ ಬಂತು. "ತಪ್ಪು ನಂದೇ ಕಣಕ್ಕ. ಎದುರಿಗೆ ಕೂತು ಹೇಳ್ಬೇಕಿತ್ತು" ಎಂದಳು. ಅಷ್ಟರಲ್ಲಿ ಅವಳ ಗೈಡ್ ಮೇಡಂ ಬಂದು, ವಿಷಯ ಕೇಳಿ, ನನ್ನೆದುರಿಗೇ ಅವಳಿಗೆ ಹೇಳಿದರು: "ಓದು ಬರದವರಿಗೆ ಚೀಟಿ ಬರೆದು ಕಳಿಸ್ತಾರೇನಮ್ಮ? ಅವರಿಗೆ ಮುಜುಗರ ಆಗಲ್ವಾ?" ತಂಗಿ ತಲೆ ತಗ್ಗಿಸಿ, "ಸಾರಿ ಮೇಡಂ" ಎಂದಳು. ನಾನು ಅವರು ಕೊಟ್ಟ ಟೀ ಲೋಟ ಹಿಡಿದು ನಿಂತಿದ್ದೆ. ಆ ಟೀ ಕುಡಿದೆ ಕೂಡ.

ಅತಿಥಿಗಳು ಬರಲು ಇನ್ನೂ ಒಂದು ಗಂಟೆ ಇತ್ತು. ಬಾಯಿ ಕೆಟ್ಟರೂ ಕೈ ಕೆಟ್ಟಿರಲಿಲ್ಲ. "ಅಂಟಿಸಿರೋದು ಅರಗಲ್ವಾ, ಬಿಸಿ ಕೊಟ್ರೆ ಬುಡ್ತದೆ. ಒಡೆಯಕ್ಕೆ ಹೋಗ್ಬೇಡ. ಬಿಸಿ ಗಾಳಿ ಬಿಡೋ ಮಿಷಿನ್ ಏನಾರ ಐತಾ?" ಎಂದೆ.

ಇತ್ತು. ಮೊದಲು ಪದರಗಳನ್ನು ಬಿಡಿಸಿದೆ, ಆಮೇಲೆ ಒಂದೊಂದೇ ಪದರದಲ್ಲಿ ತಪ್ಪು ಚೆಂಡು ತೆಗೆದು ಸರಿ ಚೆಂಡು ಕೂರಿಸತೊಡಗಿದೆ. ಅವಸರದಲ್ಲಿ ಒಂದು ಸಲ ಬಿಸಿ ಹೆಚ್ಚಾಗಿ, ಎರಡು ಹಳದಿ ಚೆಂಡಿನ ಬಣ್ಣವೇ ಕರಗಿ ಒಂದಕ್ಕೊಂದು ಮೆತ್ತಿಕೊಂಡವು.

ತಂಗಿ ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ನಕ್ಕಳು. "ನನ್ನ ಕುಲುಮೇಲೂ ಇದೇ ಗೋಳು. ಬಿಸಿ ಕಮ್ಮಿಯಾದ್ರೆ ಸಾಲು ಬರಲ್ಲ, ಜಾಸ್ತಿಯಾದ್ರೆ ಕಾಳು ಕಾಳು ಸೇರಿ ಮುದ್ದೆ."

"ಮತ್ತೆ ನೀನೇನು ಮಾಡ್ತೀಯ?"

"ಕಾಳಿನ ಮೇಲೆ ತೆಳ್ಳಗೆ ಒಂದು ಪದರ ಹೊದಿಸ್ತೀನಿ. ಬಿಸಿ ಕೊಟ್ಟಾದ ಮೇಲೆ ತೆಗೀತೀನಿ."

ನಾನು ಕರವಸ್ತ್ರ ಒದ್ದೆ ಮಾಡಿ, ಬಿಸಿ ತಾಗಬಾರದ ಚೆಂಡುಗಳ ಮೇಲೆ ಹೊದಿಸಿ, ಬೇಕಾದ ಕಡೆಗೆ ಮಾತ್ರ ಬಿಸಿ ಗಾಳಿ ಹಿಡಿದೆ. ಅವಳು ನನ್ನ ಕೈಯನ್ನು ಮೆಚ್ಚಿ ನೋಡಿದ ನೋಟ ನನಗೆ ಆ ಹೊತ್ತಿನಲ್ಲಿ ತಡೆದುಕೊಳ್ಳಲಾಗಲಿಲ್ಲ.

ಕೆಳಗಿನ ಮೂರು ಪದರ ಸರಿಯಾಗಿ, ಮೇಲಿನ ಎರಡು ಇನ್ನೂ ಬೆರಕೆಯಾಗಿದ್ದಾಗ ಮೇಡಂ ಮತ್ತೆ ಬಂದರು. "ಅಲ್ಲಿಗೆ ನಿಲ್ಲಿಸಿ" ಎಂದರು. "ಇದನ್ನ ಹೀಗೇ ತೋರಿಸೋಣ. ಬಾಕಿಯನ್ನ ನಿಮ್ಮಕ್ಕ ಅವರ ಎದುರಿಗೇ ಮಾಡಲಿ."

ಹಾಗೇ ಆಯಿತು. ತಂಗಿ ಗೋಡೆಯ ಮೇಲೆ ಚಿತ್ರ ತೋರಿಸುತ್ತಾ ಇಂಗ್ಲಿಷಿನಲ್ಲಿ ಮಾತಾಡಿದಳು, ನಾನು ಪಕ್ಕದ ಮೇಜಿನಲ್ಲಿ ಅರಗು ಕರಗಿಸಿ ಚೆಂಡು ಬದಲಾಯಿಸಿದೆ. ಜನರೆಲ್ಲ ನಿಧಾನವಾಗಿ ಕುರ್ಚಿ ಎಳೆದುಕೊಂಡು ನನ್ನ ಕಡೆಗೇ ಬಂದರು. ಅವರಲ್ಲಿ ಕನ್ನಡ ಬಲ್ಲ ಒಬ್ಬ ಇಂಜಿನಿಯರಮ್ಮ ಕೇಳಿದರು: "ಬಿಸಿ ಮಾಡದೇ ಬದಲಾಯಿಸೋಕೆ ಆಗಲ್ವಾ?"

"ತಣ್ಣಗಿದ್ರೆ ಕದಲಲ್ಲ ಮೇಡಂ. ಬಲವಂತ ಮಾಡಿದ್ರೆ ಒಡೆದೋಯ್ತದೆ. ಹದವಾಗಿ ಬಿಸಿ ಮಾಡಿ ಒಸಿ ಕಾಯ್ಬೇಕು, ಆಮೇಲೆ ಅದೇ ಜಾಗ ಕೊಡ್ತದೆ."

ತಂಗಿ ಅದನ್ನು ಇಂಗ್ಲಿಷಿಗೆ ತಿರುಗಿಸಿ, "ನನ್ನ ಪ್ರಬಂಧದ ಮೂರನೇ ಅಧ್ಯಾಯ ಇಷ್ಟೇ" ಎಂದಳಂತೆ. ಎಲ್ಲರೂ ನಕ್ಕರು. ಹೋಗುವಾಗ ಅವಳ ಪುಡಿಯ ಸೀಸೆಯನ್ನು ಪರೀಕ್ಷೆಗೆಂದು ತೆಗೆದುಕೊಂಡು ಹೋದರು. ಮೊದಲು ತಪ್ಪು ಮಾದರಿ ತಂದು ಆಮೇಲೆ ಸರಿಮಾಡುವ ಉಪಾಯ ಬಹಳ ಚೆನ್ನಾಗಿತ್ತು ಎಂದೂ ಯಾರೋ ಹೊಗಳಿದರು.

ಪುಡಿ ಸೀಸೆಯಿಂದ ಹೊರಬಂತು. ನಾನು ಸುಳ್ಳಿನೊಳಗೆ ಸೇರಿಕೊಂಡೆ.

ಅಂದಿನಿಂದ ತಂಗಿ ನನಗೆ ಒಂದಕ್ಷರ ಬರೆದು ಕಳಿಸಲಿಲ್ಲ. ಎಲ್ಲವೂ ಫೋನಿನಲ್ಲಿ ಧ್ವನಿ ಸಂದೇಶ. "ಅಕ್ಕ, ಹಸಿರು ಡಬ್ಬಿ ಮಾತ್ರೆ ಬೆಳಿಗ್ಗೆ, ಬಿಳಿ ಡಬ್ಬಿ ಮಾತ್ರೆ ಊಟ ಆದ್ಮೇಲೆ." ರಾಮನಗರದ ಬಸ್ ನಿಲ್ದಾಣದಲ್ಲಿ ನಿಂತರೆ ಬರುವ ಬಸ್ಸಿನ ಬೋರ್ಡನ್ನೆಲ್ಲ ನನಗಾಗಿ ಗಟ್ಟಿಯಾಗಿ ಓದುವಳು. ನೋಡುವವರು ಇವಳೇ ಕಂಡಕ್ಟರ್ ಎಂದುಕೊಳ್ಳುತ್ತಿದ್ದರು. ಬಿಡದಿಯ ಹೋಟೆಲಿನಲ್ಲಿ ಗೋಡೆಯ ಪಟ್ಟಿ ಓದಿ ಹೇಳುವಾಗ ತನಗೆ ಇಷ್ಟವಿಲ್ಲದ ಖಾರಾಬಾತನ್ನು ಬಿಟ್ಟೇಬಿಡುವಳು. ನನಗೆ ಅದೇ ಬೇಕು, ಆದರೆ ಇದೆಯೆಂದು ಹೇಗೆ ಗೊತ್ತಾಯಿತು ಎಂದರೆ ಏನು ಹೇಳಲಿ? ಎರಡು ವರ್ಷ ತಟ್ಟೆ ಇಡ್ಲಿ ತಿಂದೆ. ಸಾವನದುರ್ಗಕ್ಕೆ ಹೋದಾಗ ಕೋತಿಗಳಿವೆ ಎಚ್ಚರಿಕೆ ಎಂಬ ಬೋರ್ಡನ್ನು ಅವಳು ನಿಂತು ಓದಿ ಮುಗಿಸುವಷ್ಟರಲ್ಲಿ ನಮ್ಮ ಪುರಿಯ ಪೊಟ್ಟಣ ಬಂಡೆಯ ಮೇಲೆ ಕೋತಿಯ ಕೈಲಿತ್ತು.

ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಎಲ್ಲರಿಗೂ ಪೇಪರು ಓದಿ ಹೇಳುವವಳು ನಾನೇ. ಒಮ್ಮೆ ತಂಗಿ ಹೇಳದೆ ಕೇಳದೆ ಬಾಗಿಲಲ್ಲಿ ಬಂದು ನಿಂತಳು. ನಾನು ಪೇಪರನ್ನು ಉಸ್ತಾದರ ಕೈಗೆ ತುರುಕಿದೆ. ಅವರಿಗೆ ಉರ್ದು ಬಿಟ್ಟರೆ ಬೇರೆ ಓದು ಬಾರದು. ತಲೆಕೆಳಗಾಗಿ ಹಿಡಿದುಕೊಂಡೇ ಗಂಭೀರವಾಗಿ ಕೂತರು. ಅವಳು ಹೋದ ಮೇಲೆ ಹೇಳಿದರು: "ಏನಮ್ಮ, ಓದು ಬರೋ ನೀನು ಬರಲ್ಲ ಅಂತೀಯ, ಬರ್ದಿರೋ ನನ್ನ ಕೈಲಿ ಓದಿಸ್ತೀಯ. ಎಷ್ಟು ದಿನ ಈ ಆಟ?"

ನನಗೂ ಗೊತ್ತಿರಲಿಲ್ಲ. ಓದಿಲ್ಲದವಳು ಎಂಬ ಮಾತಿಗೆ ಜನ ಸುಮ್ಮನಾಗುತ್ತಾರೆ, ಮರುಕ ತೋರುತ್ತಾರೆ, ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ. ನಮ್ಮೂರಲ್ಲಿ ನಿಜವಾಗಿ ಓದು ಬಾರದ ಹೆಂಗಸರು ಎಷ್ಟೋ ಮಂದಿ ಇದ್ದಾರೆ. ಅವರು ಬಸ್ಸಿನ ಬಣ್ಣ ನೋಡಿ, ನಾಲ್ಕು ಜನರನ್ನು ಕೇಳಿ, ತಲೆ ಎತ್ತಿಕೊಂಡು ಓಡಾಡುತ್ತಾರೆ. ಅವರ ಕಷ್ಟವನ್ನು ಕದ್ದು ನಾನು ನನ್ನ ಜಂಬಕ್ಕೆ ಹೊದಿಕೆ ಮಾಡಿಕೊಂಡಿದ್ದೆ.

ಕಳೆದ ಅವರೆಕಾಯಿ ಕಾಲದಲ್ಲಿ ತಂಗಿ ತನ್ನ ಪ್ರಬಂಧದ ಹಾಳೆಗಳನ್ನು ತಂದಳು. ಮಾರನೆಯ ದಿನ ಬೈಂಡಿಗೆ ಕೊಡುವುದಿತ್ತು. "ಇನ್ನೂರು ಪುಟ ಇಂಗ್ಲಿಷು. ಒಂದು ಪುಟ ಮಾತ್ರ ಕನ್ನಡ. ಅದು ನಿಂದು, ಕೂತ್ಕೋ, ಓದ್ತೀನಿ" ಎಂದು ಹಾಳೆ ಎತ್ತಿದಳು. ನನ್ನ ಕಣ್ಣು ಆಗಲೇ ಅದರ ಮೇಲಿತ್ತು.

ಅವಳು ಬಾಯಿ ತೆರೆಯುವ ಮೊದಲು ನಾನು ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಓದಿದೆ. "ಅಕ್ಷರ ಬಾರದಿದ್ದರೂ ನನ್ನ ಕೆಲಸವನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡ ನನ್ನ ಅಕ್ಕನಿಗೆ. ಓದಲು ಬಾರದ ಅವಳಿಗೆ ಚೀಟಿ ಬರೆದ ತಪ್ಪು ನನ್ನದು." ಎಲ್ಲೂ ತಡವರಿಸಲಿಲ್ಲ. ಹಾಳೆಯನ್ನು ಕೆಳಗಿಟ್ಟೆ. "ಈ ಎರಡು ಸಾಲೂ ಸುಳ್ಳು" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ.

"ಅಂಗಾದ್ರೆ ಎರಡು ವರ್ಷದಿಂದ ನಾನು ಬಸ್ ಬೋರ್ಡ್ ಓದಿದ್ದು?"

"ಕೇಳಿಸ್ಕೋತಿದ್ದೆ."

"ಖಾರಾಬಾತ್?"

"ಪಟ್ಟೀಲಿ ಐದನೇದು."

ಅವಳು ನಗಲಿಲ್ಲ. "ಅವತ್ತು ಮೇಡಂ ಮುಂದೆ ನಾನು ತಲೆ ತಗ್ಗಿಸಿದ್ನಲ್ಲ ಅಕ್ಕ. ನೀನು ಟೀ ಕುಡೀತಿದ್ದೆ" ಎಂದಳು. ಎದ್ದು ಜಗಲಿಗೆ ಹೋಗಿ, ಉಳಿದಿದ್ದ ಅವರೆಕಾಯಿಯನ್ನೆಲ್ಲ ಒಬ್ಬಳೇ ಸುಲಿದಳು. ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕಿ, ಅವಳು ಬರುವವರೆಗೂ ಕರೆಯದೆ ಕಾದೆ. ಅರಗಿಗೆ ಕಾಯುವುದು ನನಗೆ ಗೊತ್ತು. ಇದಕ್ಕೆ ಕಾಯುವುದು ಗೊತ್ತಿರಲಿಲ್ಲ.

ಕೊನೆಗೆ ಕಾಳು ತುಂಬಿದ ಮೊರ ಹಿಡಿದು ಒಳಗೆ ಬಂದಳು. ಮೊರವನ್ನು ಕೆಳಗಿಟ್ಟು, ಆ ಹಾಳೆಯನ್ನೂ ಒಂದು ಪೆನ್ನನ್ನೂ ನನ್ನ ಮುಂದಿಟ್ಟಳು. "ಬರೆಯಕ್ಕೂ ಬತ್ತದೆ ತಾನೆ? ನೀನೇ ತಿದ್ದು. ನೀನು ಏನು ಬರೀತೀಯೋ ಅದೇ ಅಚ್ಚಾಗ್ತದೆ."

ನಾನು ಎರಡೂ ಸಾಲು ಹೊಡೆದುಹಾಕಿದೆ. ಎಷ್ಟೋ ವರ್ಷದ ಮೇಲೆ ಪೆನ್ನು ಹಿಡಿದ ಕೈ, ಅಕ್ಷರಗಳು ಉಳಿಯಲ್ಲಿ ಕೆತ್ತಿದಂತೆ ಬಂದವು. "ಚೀಟಿಯನ್ನು ಎರಡು ಸಲ ಓದಿಯೂ ಬೇಕೆಂದೇ ಸಾಲು ತಪ್ಪಿಸಿದ ಅಕ್ಕನಿಗೆ" ಎಂದು ಬರೆದು ಅವಳ ಕಡೆ ತಳ್ಳಿದೆ.

ಅವಳು ಓದಿದಳು. ಪೆನ್ನು ತೆಗೆದುಕೊಂಡು, ಕೆಳಗೆ ತನ್ನ ಕೈಬರಹದಲ್ಲಿ ಒಂದು ಸಾಲು ಸೇರಿಸಿ, ಹಾಳೆಯನ್ನು ನನ್ನ ಕಡೆಗೇ ತಿರುಗಿಸಿ ಹಿಡಿದಳು. ಓದಿ ಹೇಳಲಿಲ್ಲ. ನಾನೇ ಓದಿಕೊಂಡೆ: "ಅದೇ ದಿನ ಆ ಸಾಲನ್ನು ಸರಿಮಾಡಿದವಳೂ ಅವಳೇ."

ಆಮೇಲೆ ಉಣ್ಣುತ್ತಾ, ಸಾರಿಗೆ ಉಪ್ಪು ಸಾಲದು ಎಂದಳು. ನಿಜವಾಗಿಯೂ ಸಾಲದಾಗಿತ್ತು.